ಅಜ್ಜನ ಕಾಲದ ಡಿಕ್ರಿ ಹುಡುಕುವುದು ಹೇಗೆ?

ರಾಗಿ ಕೊಯ್ಲು ಮುಗಿದಿದೆ. ಮೆದೆ ಹೊರಲು ಗಾಡಿ ಹೊಲಕ್ಕೆ ಹೋಗಬೇಕು. ಹೋಗಿ ನೋಡಿದರೆ ದಾರಿಗೆ ಅಡ್ಡಲಾಗಿ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿದಿದ್ದಾರೆ. ವಿಚಾರಿಸಿದರೆ, "ಈ ಜಮೀನನ್ನು ನಾನು ಶುದ್ಧ ಕ್ರಯಕ್ಕೆ ಕೊಂಡಿದ್ದೇನೆ. ಪತ್ರದಲ್ಲಿ ದಾರಿಯ ಮಾತೇ ಇಲ್ಲ" ಎನ್ನುತ್ತಾರೆ ಹೊಸ ಮಾಲೀಕರು. "ಇದು ನಮ್ಮಜ್ಜನ ಕಾಲದಲ್ಲೇ ಕೋರ್ಟಿನಲ್ಲಿ ಫೈಸಲಾದ ದಾರಿ" ಎಂದು ನೀವು ಹೇಳುತ್ತೀರಿ. "ಹಾಗಾದರೆ ಕಾಗದ ತೋರಿಸಿ" ಎಂಬ ಉತ್ತರ ಬರುತ್ತದೆ. ಮನೆಗೆ ಬಂದು ಟ್ರಂಕು ತೆಗೆದರೆ ಕಾಗದಗಳ ಜಾಗದಲ್ಲಿ ಗೆದ್ದಲಿನ ಮಣ್ಣು.

ಇದು ಕಟ್ಟುಕತೆಯಲ್ಲ. ಈ ಲೇಖಕನ ಮನೆಯಲ್ಲೇ ನಡೆದದ್ದು. ಇಂಥದೇ ಪೇಚು ನಿಮ್ಮ ಊರಿನಲ್ಲೂ ಒಂದಿಬ್ಬರಿಗಾದರೂ ಒದಗಿರುತ್ತದೆ. ಬದುವಿನ ಜಗಳ, ಬಾವಿ ನೀರಿನ ಸರದಿ, ಅಣ್ಣತಮ್ಮಂದಿರ ಪಾಲು, ಅಡವಿನ ಜಮೀನು ಬಿಡಿಸಿಕೊಂಡ ವ್ಯವಹಾರ, ಇವುಗಳಲ್ಲಿ ಎಷ್ಟೋ ನಮ್ಮ ಹಿರಿಯರ ಕಾಲದಲ್ಲೇ ಮುನ್ಸೀಫ್ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದಿವೆ. ತೀರ್ಪು ಬಂದಿದೆ, ಹಿರಿಯರು ಹೋಗಿದ್ದಾರೆ, ಕಾಗದವೂ ಹೋಗಿದೆ. ಆದರೆ ನಿಮ್ಮ ಮನೆಯ ಕಾಗದ ಹೋದರೆ ತೀರ್ಪು ಹೋಯಿತೆಂದಲ್ಲ. ಅದರ ಮೂಲ ಪ್ರತಿ ಕೋರ್ಟಿನ ದಾಖಲೆ ಕೊಠಡಿಯಲ್ಲಿ ಕೆಂಪು ಬಟ್ಟೆಯ ಗಂಟಿನಲ್ಲಿ ಇರಬಹುದು. ಅದರ ದೃಢೀಕೃತ ನಕಲು ಪಡೆಯುವುದು ಹೇಗೆಂಬುದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ದೃಢೀಕೃತ ನಕಲು ಎಂದರೆ ಕೋರ್ಟಿನ ಮೊಹರು, ಅಧಿಕಾರಿಯ ಸಹಿ ಇರುವ "ಅಸಲಿನಂತೆ ಇದೆ" ಎಂಬ ಪ್ರತಿ. ಅಸಲನ್ನು ತರಲಾಗದ ಕಡೆ ಇದೇ ಸಾಕ್ಷ್ಯವಾಗಿ ನಡೆಯುತ್ತದೆ. 1872ರ ಸಾಕ್ಷ್ಯ ಅಧಿನಿಯಮದ 76 ಮತ್ತು 77ನೆಯ ಕಲಮುಗಳಲ್ಲಿ ಈ ಮಾತು ಇತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಕಲಮಿನ ಸಂಖ್ಯೆ 75 ಮತ್ತು 76 ಎಂದಾಗಿದೆ, ವಿಷಯ ಬದಲಾಗಿಲ್ಲ. ನಿಮ್ಮ ಬಳಿ ಇರುವ ಹಳೆಯ ನಕಲನ್ನು ಜೆರಾಕ್ಸ್ ಮಾಡಿಸಿ ನೋಟರಿಯ ಮುದ್ರೆ ಹಾಕಿಸಿದರೆ ಅದು ಇದಕ್ಕೆ ಸಮನಾಗದು. ಅನೇಕರು ಇಲ್ಲೇ ಎಡವುತ್ತಾರೆ.

ನಂಬರು ಸಿಕ್ಕರೆ ಅರ್ಧ ಕೆಲಸ

ಕೋರ್ಟಿನಲ್ಲಿ ಜಮೀನಿನ ಸರ್ವೆ ನಂಬರು ಹೇಳಿದರೆ ಕಡತ ಸಿಗುವುದಿಲ್ಲ. ಅಲ್ಲಿ ಬೇಕಾದ್ದು ದಾವೆಯ ನಂಬರು ಮತ್ತು ಇಸವಿ. ಅಸಲು ದಾವೆಗೆ ಒ.ಎಸ್., ಅದರ ಮೇಲಿನ ಅಪೀಲಿಗೆ ಆರ್.ಎ., ಹೈಕೋರ್ಟಿನ ಎರಡನೆಯ ಅಪೀಲಿಗೆ ಆರ್.ಎಸ್.ಎ., ಡಿಕ್ರಿ ಅಮಲ್ಜಾರಿಗೆ ಎಕ್ಸಿಕ್ಯೂಷನ್ ಎಂದು ಗುರುತು. ಆ ಗುರುತಿನ ಮುಂದೆ ನಂಬರು, ಬಳಿಕ ದಾವೆ ಹೂಡಿದ ವರ್ಷ. ಇದು ತಿಳಿಯದಿದ್ದರೆ ಕೋರ್ಟಿಗೆ ಹೋಗುವ ಮೊದಲು ಊರಿನಲ್ಲೇ, ತಾಲ್ಲೂಕು ಕಚೇರಿಯಲ್ಲೇ ಹುಡುಕಾಟ ನಡೆಸಬೇಕು.

ಮೊದಲು ಪಹಣಿ ನೋಡಿ. ಪಹಣಿಯ ಹತ್ತನೆಯ ಕಾಲಮ್ಮಿನಲ್ಲಿ ಜಮೀನು ಖಾತೆದಾರರಿಗೆ ಹೇಗೆ ಬಂತೆಂಬುದೂ ಅದರ ಎಂ.ಆರ್. ನಂಬರೂ ಇರುತ್ತದೆ. ಆ ಎಂ.ಆರ್., ಅಂದರೆ ಹಕ್ಕು ಬದಲಾವಣೆ ರಿಜಿಸ್ಟರಿನ ಉತಾರವನ್ನು ತಾಲ್ಲೂಕು ಕಚೇರಿಯ ದಾಖಲೆ ಶಾಖೆಯಿಂದ ತೆಗೆಸಿ. ಕೋರ್ಟಿನ ಡಿಕ್ರಿಯ ಮೇಲೆ ಖಾತೆ ಬದಲಾಗಿದ್ದರೆ ಅದರಲ್ಲಿ ದಾವೆಯ ನಂಬರು, ತಾರೀಖು ಬರೆದಿರುತ್ತಾರೆ. ಭೂಮಿ ಯೋಜನೆಯಡಿ 2000ದ ಸುಮಾರಿಗೆ ಪಹಣಿ ಗಣಕಯಂತ್ರಕ್ಕೆ ಏರಿದಾಗ ಹಳೆಯ ಕೈಬರಹದ ಟಿಪ್ಪಣಿಗಳೆಲ್ಲ ಅದರೊಳಗೆ ಬಂದಿರುವುದಿಲ್ಲ. ಆದ್ದರಿಂದ ಗಣಕೀಕೃತ ಪಹಣಿಯಲ್ಲಿ ಕಾಣದಿದ್ದರೆ ನಿರಾಶರಾಗದೆ ಕೈಬರಹದ ಹಳೆಯ ಪಹಣಿಯನ್ನೇ ಕೇಳಿ. ನಮ್ಮ ಪ್ರಕರಣದಲ್ಲಿ ಬೆಳಕು ಸಿಕ್ಕಿದ್ದು ಇಲ್ಲಿಂದಲೇ. 1964ರ ಒಂದು ಎಂ.ಆರ್. ಹಾಳೆಯ ಅಂಚಿನಲ್ಲಿ, ಶಾನುಭೋಗರ ಸೊಟ್ಟ ಅಕ್ಷರದಲ್ಲಿ, "ಮುನ್ಸೀಫ್ ಕೋರ್ಟ್ ರಾಜಿ ಡಿಕ್ರಿ ಮೇರೆಗೆ" ಎಂದು ಬರೆದು ದಾವೆಯ ನಂಬರು ಕೊಟ್ಟಿದ್ದರು. ಆ ಶಾನುಭೋಗರ ಬಗ್ಗೆ ಊರಿನಲ್ಲಿ ಒಳ್ಳೆಯ ಮಾತು ಕೇಳಿದ್ದು ಕಡಿಮೆ. ಅಂದು ಮಾತ್ರ ಅವರಿಗೆ ಮನಸಾರೆ ಕೈ ಮುಗಿದೆ.

ಎರಡನೆಯ ದಾರಿ ಉಪನೋಂದಣಿ ಕಚೇರಿ. ನಿಮ್ಮ ಜಮೀನಿನದೋ ಪಕ್ಕದ ಜಮೀನಿನದೋ ಹಳೆಯ ಕ್ರಯಪತ್ರ ಇದ್ದರೆ, "ಇಂಥ ದಾವೆಯಲ್ಲಿ ಇಂಥ ತಾರೀಖಿನ ಡಿಕ್ರಿ ಪ್ರಕಾರ ನನ್ನ ಪಾಲಿಗೆ ಬಂದ" ಎಂಬ ವಾಕ್ಯ ಅದರ ಪೀಠಿಕೆಯಲ್ಲಿ ಇರುವ ಸಂಭವ ಹೆಚ್ಚು. ಸ್ಥಿರಾಸ್ತಿಯ ಪತ್ರಗಳ ಒಂದನೆಯ ಪುಸ್ತಕವನ್ನು ನಿಗದಿತ ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. 1908ರ ನೋಂದಣಿ ಅಧಿನಿಯಮವೇ ಈ ಹಕ್ಕು ಕೊಟ್ಟಿದೆ. ಪಕ್ಕದ ಜಮೀನಿನವರ ಅನುಮತಿ ಬೇಕಿಲ್ಲ.

ಮೂರನೆಯದು ಮನುಷ್ಯರನ್ನು ಕೇಳುವುದು. ಅಂದು ದಾವೆ ನಡೆಸಿದ ವಕೀಲರು ತೀರಿಹೋಗಿರಬಹುದು, ಆದರೆ ಅವರ ಕಚೇರಿಯ ದಿನಚರಿ ಪುಸ್ತಕ ಮಗನ ಬಳಿಯೋ ಕಿರಿಯ ವಕೀಲರ ಬಳಿಯೋ ಉಳಿದಿರಬಹುದು. ಎದುರು ಕಕ್ಷಿಯ ಮನೆಯಲ್ಲಿ ನಕಲು ಇರಬಹುದು. ಜಗಳ ಹಳತಾಗಿದ್ದರೆ ಕೇಳುವುದಕ್ಕೆ ಸಂಕೋಚ ಬೇಡ.

ಇನ್ನು ಈಗಿನ ದಾವೆಗಳ ವಿಷಯ ಸುಲಭ. ಇ-ಕೋರ್ಟ್ಸ್ ಎಂಬ ಸರ್ಕಾರಿ ಜಾಲತಾಣದಲ್ಲಿ, ಅದೇ ಹೆಸರಿನ ಮೊಬೈಲ್ ಆ್ಯಪ್‌ನಲ್ಲಿ, ಜಿಲ್ಲೆ ಮತ್ತು ಕೋರ್ಟು ಆರಿಸಿ ಕಕ್ಷಿದಾರರ ಹೆಸರು ಮತ್ತು ವರ್ಷ ಕೊಟ್ಟರೆ ಪ್ರಕರಣಗಳ ಪಟ್ಟಿ ಬರುತ್ತದೆ. ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಎಂಬ ಸಂಖ್ಯೆ ಇದೆ. ಕರ್ನಾಟಕದ್ದು ಕೆ.ಎ. ಎಂದು ಆರಂಭವಾಗುತ್ತದೆ. ಅದೊಂದನ್ನು ಬರೆದಿಟ್ಟುಕೊಂಡರೆ ಮುಂದೆ ಯಾವ ತೊಂದರೆಯೂ ಇಲ್ಲ. ಹೆಸರಿನಿಂದ ಹುಡುಕುವಾಗ ಒಂದು ಎಚ್ಚರಿಕೆ ಬೇಕು. ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬ ಗುಮಾಸ್ತರು ಒಂದೊಂದು ರೀತಿ ಬರೆದಿರುತ್ತಾರೆ. ತಿಮ್ಮಪ್ಪನ 'ತ'ಕಾರಕ್ಕೆ ಒಬ್ಬರು ಒಂದಕ್ಷರ ಹಾಕಿದರೆ ಇನ್ನೊಬ್ಬರು ಎರಡು ಹಾಕುತ್ತಾರೆ. ಹೆಸರಿನ ನಡುವಿನ ಮೂರು ನಾಲ್ಕು ಅಕ್ಷರ ಮಾತ್ರ ಕೊಟ್ಟು ಹುಡುಕುವುದು ಲೇಸು. ಅಲ್ಲಿ ಕಾಣುವ ತೀರ್ಪಿನ ಪ್ರತಿ ಓದಿ ತಿಳಿಯಲು ಮಾತ್ರ, ಅದು ದೃಢೀಕೃತ ನಕಲಲ್ಲ. ಗಣಕಯಂತ್ರ ಬರುವುದಕ್ಕೆ ಮುಂಚೆ ಮುಗಿದುಹೋದ ದಾವೆಗಳನ್ನು ಅಲ್ಲಿ ಹುಡುಕಿ ಪ್ರಯೋಜನ ಕಡಿಮೆ. 2023ರಲ್ಲಿ ಕೇಂದ್ರ ಸಚಿವ ಸಂಪುಟ 7,210 ಕೋಟಿ ರೂಪಾಯಿಗಳಿಗೆ ಒಪ್ಪಿದ ಇ-ಕೋರ್ಟ್ಸ್ ಮೂರನೆಯ ಹಂತದಲ್ಲಿ ಹಳೆಯ ಕಡತಗಳನ್ನೂ ಸ್ಕ್ಯಾನ್ ಮಾಡುವ ಕೆಲಸ ಸೇರಿದೆ. ಅದು ನಿಮ್ಮ ಅಜ್ಜನ ಗಂಟಿನವರೆಗೆ ಬರಲೆಂದು ಕಾಯುತ್ತ ಕೂರುವಂತಿಲ್ಲ.

ಯಾವ ಊರಿನ ಕೋರ್ಟು?

ಈ ಪ್ರಶ್ನೆ ಕಂಡಷ್ಟು ಸರಳವಲ್ಲ. ಇಂದು ನಿಮ್ಮ ತಾಲ್ಲೂಕಿನಲ್ಲಿ ಕೋರ್ಟು ಇದೆ ಎಂದ ಮಾತ್ರಕ್ಕೆ 60 ವರ್ಷದ ಹಿಂದೆಯೂ ಅಲ್ಲಿತ್ತೆಂದು ಅರ್ಥವಲ್ಲ. ಆಗ ಎರಡು ಮೂರು ತಾಲ್ಲೂಕಿಗೆ ಒಂದು ಮುನ್ಸೀಫ್ ಕೋರ್ಟು ಇದ್ದದ್ದುಂಟು. ಮುನ್ಸೀಫ್ ಎಂಬ ಹೆಸರೂ ಹೋಗಿದೆ. ಈಗ ಕಿರಿಯ ಶ್ರೇಣಿ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ ಎನ್ನುತ್ತಾರೆ, ಹಳಬರ ಬಾಯಲ್ಲಿ ಮಾತ್ರ ಇನ್ನೂ ಮುನ್ಸೀಫ್ ಕೋರ್ಟೇ. ಜಿಲ್ಲೆಗಳೂ ಒಡೆದಿವೆ. 1997ರಲ್ಲಿ ಮೈಸೂರಿನಿಂದ ಚಾಮರಾಜನಗರ, ಧಾರವಾಡದಿಂದ ಗದಗ ಮತ್ತು ಹಾವೇರಿ, ರಾಯಚೂರಿನಿಂದ ಕೊಪ್ಪಳ, ವಿಜಾಪುರದಿಂದ ಬಾಗಲಕೋಟೆ, ದಕ್ಷಿಣ ಕನ್ನಡದಿಂದ ಉಡುಪಿ ಬೇರೆಯಾದವು. 2007ರಲ್ಲಿ ರಾಮನಗರ ಮತ್ತು ಚಿಕ್ಕಬಳ್ಳಾಪುರ, 2021ರಲ್ಲಿ ವಿಜಯನಗರ ಹುಟ್ಟಿದವು. ಹಳೆಯ ಅಪೀಲಿನ ಕಡತ ಹೊಸ ಜಿಲ್ಲಾ ಕೇಂದ್ರದಲ್ಲಿ ಇಲ್ಲವೆಂದರೆ ಹಳೆಯ ಜಿಲ್ಲಾ ಕೇಂದ್ರದಲ್ಲಿ ಕೇಳಬೇಕು. ಸಂಶಯವಿದ್ದರೆ ಎರಡೂ ಕಡೆ ವಿಚಾರಿಸಿ.

1956ರ ನವೆಂಬರ್ 1ಕ್ಕೆ ಹಿಂದಿನ ದಾಖಲೆಯಾದರೆ ಇನ್ನಷ್ಟು ಗೊಂದಲ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದ ಕಡೆ ಮುಂಬಯಿ ಪ್ರಾಂತ್ಯದ ಪದ್ಧತಿ, ಮಂಗಳೂರಿನ ಕಡೆ ಮದರಾಸಿನದು. ಬೀದರ್, ಗುಲ್ಬರ್ಗ, ರಾಯಚೂರಿನ ಕಡೆ ನಿಜಾಮರ ಕಾಲದ ಕಡತಗಳು ಉರ್ದುವಿನಲ್ಲಿ ಇರುತ್ತವೆ, ತಾರೀಖು ಫಸಲಿ ವರ್ಷದಲ್ಲಿರುತ್ತದೆ. ಫಸಲಿಗೆ 590 ಕೂಡಿಸಿದರೆ ಸುಮಾರಾಗಿ ನಮ್ಮ ಇಸವಿ ಸಿಗುತ್ತದೆ. 1350 ಎಂದಿದ್ದರೆ 1940-41 ಎಂದು ತಿಳಿಯಬೇಕು. ಪದಗಳೂ ಮೋಸ ಮಾಡುತ್ತವೆ. ಹಳೇ ಮೈಸೂರಿನ ರೈತನಿಗೆ ದರಖಾಸ್ತು ಎಂದರೆ ಸರ್ಕಾರಿ ಜಮೀನು ಮಂಜೂರಿಗೆ ಹಾಕಿದ ಅರ್ಜಿ. ಮುಂಬಯಿ ಕರ್ನಾಟಕದ ಹಳೆಯ ಕೋರ್ಟು ಕಾಗದದಲ್ಲಿ ಅದೇ ಪದಕ್ಕೆ ಡಿಕ್ರಿ ಅಮಲ್ಜಾರಿಯ ಅರ್ಜಿ ಎಂಬ ಅರ್ಥ.

ಇನ್ನೊಂದು ಸಂಗತಿ. ರೈತರು "ಕೋರ್ಟಿನಲ್ಲಿ ಆಯಿತು" ಎನ್ನುವುದೆಲ್ಲ ಸಿವಿಲ್ ಕೋರ್ಟಿನಲ್ಲೇ ಆಗಿರುವುದಿಲ್ಲ. ಗೇಣಿದಾರರು 7ನೆಯ ನಮೂನೆ ಹಾಕಿ ಉಳುವವರ ಹಕ್ಕು ಪಡೆದದ್ದು 1974ರ ತಿದ್ದುಪಡಿಯ ನಂತರದ ಭೂ ನ್ಯಾಯಮಂಡಳಿಯಲ್ಲಿ. ಅದರ ಕಡತವನ್ನು ಕೇಳಬೇಕಾದ್ದು ತಾಲ್ಲೂಕು ಕಚೇರಿಯಲ್ಲಿ. ಖಾತೆ ಬದಲಾವಣೆಯ ಮೇಲ್ಮನವಿ ನಡೆದದ್ದು ಉಪವಿಭಾಗಾಧಿಕಾರಿಗಳ ಎದುರು. ಅದರ ಕಡತ ಅವರ ಕಚೇರಿಯಲ್ಲೇ. ಕಂದಾಯ ಇಲಾಖೆಯ ಇಂಥ ಕಾಗದಗಳಿಗೆ ಮಾಹಿತಿ ಹಕ್ಕಿನ ಅರ್ಜಿಯೂ ನಡೆಯುತ್ತದೆ. ಸಿವಿಲ್ ಕೋರ್ಟಿನ ಕಡತಕ್ಕೆ ಮಾತ್ರ ಆ ದಾರಿ ಹಿಡಿಯಬೇಡಿ. ಹೈಕೋರ್ಟಿನ ನಿಯಮಗಳಲ್ಲಿ ನಕಲು ಪಡೆಯುವ ವ್ಯವಸ್ಥೆ ಇರುವಾಗ ಆ ನಿಯಮದಂತೆಯೇ ಅರ್ಜಿ ಹಾಕಬೇಕೆಂದು ಸುಪ್ರೀಂ ಕೋರ್ಟು ಗುಜರಾತಿನ ಒಂದು ಪ್ರಕರಣದಲ್ಲಿ 2020ರ ಮಾರ್ಚ್ ತಿಂಗಳಿನಲ್ಲಿ ತೀರ್ಮಾನಿಸಿದೆ.

ಅರ್ಜಿ ಮತ್ತು ನಕಲು ಶಾಖೆ

ಪ್ರತಿ ಕೋರ್ಟಿನಲ್ಲೂ ನಕಲು ಶಾಖೆ ಇದೆ. ಅರ್ಜಿಯಲ್ಲಿ ಕೋರ್ಟಿನ ಹೆಸರು, ದಾವೆ ನಂಬರು ಮತ್ತು ವರ್ಷ, ವಾದಿ-ಪ್ರತಿವಾದಿಗಳ ಹೆಸರು, ಫೈಸಲಾದ ತಾರೀಖು, ಬೇಕಾದ ಕಾಗದಗಳ ಹೆಸರು, ನೀವು ಕಕ್ಷಿದಾರರೋ ವಾರಸುದಾರರೋ ಎಂಬುದು, ಇಷ್ಟನ್ನು ಸ್ಪಷ್ಟವಾಗಿ ಬರೆದು ಕೋರ್ಟು ಶುಲ್ಕ ಸಲ್ಲಿಸಬೇಕು. ವಕೀಲರ ಮೂಲಕವೇ ಹೋಗಬೇಕೆಂದಿಲ್ಲ. ಕಕ್ಷಿದಾರರು ತಾವೇ ಸಹಿ ಮಾಡಿ ಕೊಡಬಹುದು. ದಾವೆಗೆ ಸಂಬಂಧವಿಲ್ಲದ ಹೊರಗಿನವರಾದರೆ ಏಕೆ ಬೇಕೆಂದು ಪ್ರಮಾಣಪತ್ರದಲ್ಲಿ ಹೇಳಿ ಕೋರ್ಟಿನ ಅನುಮತಿ ಪಡೆಯಬೇಕಾಗುತ್ತದೆ. ಜಮೀನು ಕೊಳ್ಳುವ ಮುಂಚೆ ಹಳೆಯ ದಾವೆಯ ಕಡತ ನೋಡಬಯಸುವವರು ಇದನ್ನು ನೆನಪಿಡಬೇಕು.

ಫೈಸಲಾದ ತಾರೀಖಿನ ಮೇಲೆ ಒತ್ತು ಕೊಟ್ಟಿದ್ದಕ್ಕೆ ಕಾರಣವಿದೆ. ದಾವೆಯ ನಂಬರು ಹೂಡಿದ ವರ್ಷದ್ದು. ಆದರೆ ದಾಖಲೆ ಕೊಠಡಿಯಲ್ಲಿ ಗಂಟು ಕಟ್ಟಿರುವುದು ಫೈಸಲಾದ ವರ್ಷದ ಲೆಕ್ಕದಲ್ಲಿ ಇರಬಹುದು. ನಮ್ಮ ದಾವೆ 1958ರದು. ನಾನು ಹೋದಾಗ 1958ರ ಗಂಟುಗಳನ್ನೆಲ್ಲ ಬಿಚ್ಚಿ ನೋಡಿ "ಕಡತ ಇಲ್ಲ" ಎಂದು ಹಿಂಬರಹ ಕೊಡಲು ಸಿದ್ಧರಾದರು. ಬಸ್ಸು ಹಿಡಿದು ವಾಪಸು ಬರುವುದರಲ್ಲಿದ್ದೆ. ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದ ವಯಸ್ಸಾದ ವಕೀಲರ ಗುಮಾಸ್ತರೊಬ್ಬರು, "ಸೂಟ್ ರಿಜಿಸ್ಟರ್ ತೆಗೆಸಿ ನೋಡ್ರಿ, ಫೈಸಲು ಯಾವಾಗ ಆಯ್ತು ಅಂತ" ಎಂದರು. ದಾವೆ ರಿಜಿಸ್ಟರಿನಲ್ಲಿ ಪ್ರತಿ ದಾವೆಗೆ ಒಂದು ಸಾಲು, ಕೊನೆಯಲ್ಲಿ ಫೈಸಲಿನ ವಿವರ. ನಮ್ಮದು ಐದು ವರ್ಷ ನಡೆದು 1963ರಲ್ಲಿ ರಾಜಿಯಾಗಿತ್ತು. 1963ರ ಗಂಟಿನಲ್ಲಿ ಹತ್ತು ನಿಮಿಷಕ್ಕೆ ಕಡತ ಸಿಕ್ಕಿತು. ಯಾರಾದರೂ "ಇಲ್ಲ" ಎಂದರೆ "ರಿಜಿಸ್ಟರಿನಲ್ಲಿ ಏನಿದೆ, ದಯವಿಟ್ಟು ನೋಡಿ" ಎಂದು ವಿನಯದಿಂದ ಕೇಳಿ. ಕಡತ ಅಪೀಲಿನ ಜೊತೆ ಮೇಲಿನ ಕೋರ್ಟಿಗೆ ಹೋಗಿ ಅಲ್ಲೇ ಉಳಿದಿದ್ದರೆ ಅದೂ ರಿಜಿಸ್ಟರಿನಿಂದ ತಿಳಿಯುತ್ತದೆ.

ಅರ್ಜಿ ಕೊಟ್ಟ ಮೇಲೆ ಮನೆಗೆ ಬಂದು ಮಲಗುವಂತಿಲ್ಲ. ಪುಟಗಳ ಲೆಕ್ಕ ಹಾಕಿ, ಎಷ್ಟು ನಕಲು ಶುಲ್ಕ ಕಟ್ಟಬೇಕೆಂದು ನೋಟೀಸು ಬೋರ್ಡಿನಲ್ಲಿ ಹಾಕುತ್ತಾರೆ. ಕಟ್ಟದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ನಕಲಿನ ಹಿಂಬದಿಯಲ್ಲಿ ಅರ್ಜಿ ಕೊಟ್ಟ ದಿನ, ಶುಲ್ಕ ಕೇಳಿದ ದಿನ, ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಹೀಗೆ ತಾರೀಖುಗಳ ಸಾಲು ಇರುತ್ತದೆ. ಹಳೆಯ ಡಿಕ್ರಿ ಹುಡುಕುವವರಿಗೆ ಇದು ಮುಖ್ಯವಲ್ಲ. ಆದರೆ ಮೊನ್ನೆ ಮೊನ್ನೆ ಸೋತ ದಾವೆಗೆ ಅಪೀಲು ಹೋಗಬೇಕೆನ್ನುವವರಿಗೆ ಇದೇ ಜೀವಾಳ. ಜಿಲ್ಲಾ ಕೋರ್ಟಿನಂಥ ಕೋರ್ಟುಗಳಿಗೆ ಅಪೀಲಿನ ಅವಧಿ 30 ದಿನ, ಹೈಕೋರ್ಟಿಗೆ 90 ದಿನ. ನಕಲಿಗೆ ಹಿಡಿದ ಕಾಲವನ್ನು 1963ರ ಕಾಲಮಿತಿ ಅಧಿನಿಯಮದ 12ನೆಯ ಕಲಮಿನಂತೆ ಈ ಲೆಕ್ಕದಿಂದ ಬಿಡುತ್ತಾರೆ. ಆದರೆ ನೀವು ಅರ್ಜಿ ಹಾಕುವ ಮುಂಚೆ ಡಿಕ್ರಿ ತಯಾರಿಸಲು ಕೋರ್ಟು ತೆಗೆದುಕೊಂಡ ಕಾಲವನ್ನು ಬಿಡುವುದಿಲ್ಲ. ಶುಲ್ಕ ಕಟ್ಟಲು ನೀವು ಮಾಡಿದ ತಡವೂ ನಿಮ್ಮ ತಲೆಯ ಮೇಲೆಯೇ. ಆದ್ದರಿಂದ ತೀರ್ಪು ಹೇಳಿದ ದಿನವೇ ನಕಲಿಗೆ ಅರ್ಜಿ ಹಾಕಿಬಿಡಿ. ಅಪೀಲು ಹೋಗಬೇಕೋ ಬೇಡವೋ ಎಂದು ಆಮೇಲೆ ಯೋಚಿಸಿದರಾಯಿತು.

ಮೇ ತಿಂಗಳಲ್ಲಿ ಹೊಲದ ಕೆಲಸವಿಲ್ಲ ಎಂದು ಕೋರ್ಟಿಗೆ ಹೊರಡುವವರಿಗೂ ಒಂದು ಮಾತು. ಆಗಲೇ ಸಿವಿಲ್ ಕೋರ್ಟುಗಳಿಗೆ ಬೇಸಿಗೆ ರಜೆ. ವಿಚಾರಿಸಿಕೊಂಡು ಹೊರಡಿ.

ಏನೇನು ಕೇಳಬೇಕು

"ಡಿಕ್ರಿ ನಕಲು ಬೇಕು" ಎಂದಷ್ಟೇ ಬರೆದು ಕೈ ಸುಟ್ಟುಕೊಂಡವನು ನಾನು. ಸಿಕ್ಕಿದ ನಕಲಿನಲ್ಲಿ, ರಾಜಿ ಅರ್ಜಿಯ ಪ್ರಕಾರ ಡಿಕ್ರಿ ಮಾಡಿದೆ, ರಾಜಿ ಅರ್ಜಿಯು ಡಿಕ್ರಿಯ ಭಾಗವಾಗಿರತಕ್ಕದ್ದು ಎಂದು ನಾಲ್ಕು ಸಾಲು ಇತ್ತು. ರಾಜಿ ಅರ್ಜಿ ಮಾತ್ರ ಅದರ ಜೊತೆಗಿರಲಿಲ್ಲ. ದಾರಿಯ ಹೆಸರೂ ಇಲ್ಲ. ಅದನ್ನು ಹಿಡಿದು ಹೊಸ ಮಾಲೀಕರ ಬಳಿ ಹೋದರೆ ಅವರ ವಕೀಲರು ನಕ್ಕರು. ನಗದೆ ಏನು ಮಾಡಿಯಾರು? ಮತ್ತೊಂದು ಅರ್ಜಿ, ಮತ್ತೆ ಶುಲ್ಕ, ಮತ್ತೆ ಎರಡು ಬಾರಿ ಬಸ್ಸು. ಈ ಬಾರಿ ರಾಜಿ ಅರ್ಜಿ, ಅದರ ಷೆಡ್ಯೂಲು, ಅದಕ್ಕೆ ಅಂಟಿಸಿದ ಕೈನಕ್ಷೆ ಮೂರನ್ನೂ ಹೆಸರು ಹೇಳಿ ಕೇಳಿದೆ. ನಕ್ಷೆಯ ನಕಲನ್ನು ಬೇರೆಯಾಗಿಯೇ ಕೇಳಬೇಕು, ಅದು ತಾನಾಗಿ ಬರುವುದಿಲ್ಲ.

ಪಾಲಿನ ದಾವೆಗಳಲ್ಲಿ ಇನ್ನೊಂದು ತೊಡಕು. ಅಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ಯಾರಿಗೆ ಮೂರನೆಯ ಒಂದು, ಯಾರಿಗೆ ಆರನೆಯ ಒಂದು ಎಂದಷ್ಟೇ ಅದು ಹೇಳುತ್ತದೆ. ಯಾವ ಸರ್ವೆ ನಂಬರಿನಲ್ಲಿ ಯಾವ ಕಡೆ, ಚಕ್ಕುಬಂದಿ ಏನು ಎಂಬುದು ಅಂತಿಮ ಡಿಕ್ರಿಯ ನಡವಳಿಯಲ್ಲಿ ಇರುತ್ತದೆ, ಅದಕ್ಕೆ ಎಫ್.ಡಿ.ಪಿ. ಎಂದು ಬೇರೆ ನಂಬರೇ ಇರಬಹುದು. ಕಂದಾಯ ಕಟ್ಟುವ ಜಮೀನಿನ ಪಾಲನ್ನು ಹಿಂದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೆಯ ಕಲಮಿನಂತೆ ಜಿಲ್ಲಾಧಿಕಾರಿಗಳ ಕಡೆಗೆ ಕಳಿಸುತ್ತಿದ್ದರು. ಅಂಥ ಪ್ರಕರಣದ ನಕ್ಷೆ, ಪಂಚನಾಮೆ ಕಂದಾಯ ಕಚೇರಿಯಲ್ಲಿ ಉಳಿದಿರಬಹುದು. ಪ್ರಾಥಮಿಕ ಡಿಕ್ರಿ ಪಡೆದು ಗೆದ್ದೆವೆಂದು ಹಬ್ಬ ಮಾಡಿ, ಅಂತಿಮ ಡಿಕ್ರಿಗೆ ಅರ್ಜಿಯನ್ನೇ ಹಾಕದೆ ಬಿಟ್ಟ ಕುಟುಂಬಗಳು ನಮ್ಮಲ್ಲಿ ಕಡಿಮೆಯಿಲ್ಲ. ಮೊಮ್ಮಕ್ಕಳು ಖಾತೆ ಬದಲಾವಣೆಗೆ ಹೋದಾಗ ಇದು ಬಯಲಾಗುತ್ತದೆ. ಹಾಗೆಯೇ ಅಪೀಲು ನಡೆದಿದ್ದರೆ ಕೊನೆಯ ಕೋರ್ಟಿನ ಡಿಕ್ರಿಯೇ ಡಿಕ್ರಿ. ಕೆಳಗಿನದನ್ನು ಮಾತ್ರ ಹಿಡಿದು ಹೋಗಬೇಡಿ.

ನಕಲು ಕೈಗೆ ಬಂದ ಕೂಡಲೇ ಅಲ್ಲೇ ಕುಳಿತು ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆ, ನಾಲ್ಕು ದಿಕ್ಕಿನ ಚಕ್ಕುಬಂದಿ ಓದಿ ನೋಡಿ. ನಕಲು ಮಾಡುವಾಗ ತಪ್ಪಾಗಿದ್ದರೆ ಶಾಖೆಯಲ್ಲೇ ಸರಿಪಡಿಸಿಕೊಳ್ಳಬಹುದು. ಮೂಲ ಡಿಕ್ರಿಯಲ್ಲೇ 47/2 ಎನ್ನುವುದು 42/7 ಎಂದು ಬಿದ್ದಿದ್ದರೆ, ಕೈತಪ್ಪು ತಿದ್ದಿಕೊಡುವಂತೆ ಅದೇ ಕೋರ್ಟಿಗೆ ಸಂಹಿತೆಯ 152ನೆಯ ಕಲಮಿನ ಅರ್ಜಿ ಹಾಕಬಹುದು. ಹೊಸ ದಾವೆ ಬೇಕಾಗಿಲ್ಲ. ಆ ತಪ್ಪನ್ನು ತಿದ್ದದೆ ತಹಶೀಲ್ದಾರರ ಬಳಿ ಹೋದರೆ ಅವರು ಖಾತೆ ಮಾಡುವುದಿಲ್ಲ, ಮಾಡಿಕೊಡಲು ಅವರಿಗೆ ಅಧಿಕಾರವೂ ಇಲ್ಲ.

ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ದಾವೆ ನಡೆಯುವಾಗ ನೀವು ಹಾಜರುಮಾಡಿದ ಅಸಲು ಪತ್ರಗಳು, ಪಾಲುಪಟ್ಟಿ, ಮರಣಶಾಸನ, ಕೈಬರಹದ ರಸೀತಿ, ಎಲ್ಲವೂ ಕೋರ್ಟಿನ ಕಡತದಲ್ಲೇ ಇರುತ್ತವೆ. ದಾವೆ ಮುಗಿದು ಅಪೀಲಿನ ಅವಧಿ ಕಳೆದ ಮೇಲೆ ಅವನ್ನು ವಾಪಸು ಪಡೆಯುವ ಹಕ್ಕು ನಿಮಗಿದೆ. ಸಂಹಿತೆಯ 13ನೆಯ ಆದೇಶದ 9ನೆಯ ನಿಯಮ ಇದಕ್ಕೆ ಆಧಾರ. ಹಲವರು ಇದನ್ನು ಮಾಡುವುದೇ ಇಲ್ಲ. ತೀರ್ಪು, ಡಿಕ್ರಿ, ರಿಜಿಸ್ಟರುಗಳನ್ನು ಕೋರ್ಟು ಬಹುಕಾಲ ಇಟ್ಟುಕೊಳ್ಳುತ್ತದೆ. ಉಳಿದ ಕಾಗದಗಳಿಗೆ ಅಷ್ಟು ಆಯುಷ್ಯವಿಲ್ಲ. ಕಡತ ನಾಶಪಡಿಸುವುದಕ್ಕೆ 1917ರಿಂದಲೇ ಕಾನೂನು ಇದೆ, ನಿಯಮದಂತೆ ಆ ಕೆಲಸ ನಡೆಯುತ್ತಲೂ ಇರುತ್ತದೆ. ನೋಂದಣಿಯಾದ ಪತ್ರ ಹೋದರೆ ಉಪನೋಂದಣಿ ಕಚೇರಿಯಿಂದ ನಕಲು ತರಬಹುದು. ನೋಂದಣಿಯಾಗದ ಪಾಲುಪಟ್ಟಿ ಹೋದರೆ ಹೋಯಿತು. ನಮ್ಮ ಕಡತದಲ್ಲಿ ಅಜ್ಜ ಹಾಜರುಮಾಡಿದ ಮೂರು ಪತ್ರಗಳ ಪಟ್ಟಿ ಮಾತ್ರ ಸಿಕ್ಕಿತು, ಪತ್ರಗಳು ಸಿಗಲಿಲ್ಲ. ಅದರಲ್ಲಿ ಒಂದು ಅವರ ತಂದೆ ಬರೆಸಿದ ಮರಣಶಾಸನವಂತೆ. ಅದರಲ್ಲಿ ಏನಿತ್ತೋ ಇನ್ನು ಯಾರಿಗೂ ತಿಳಿಯದು.

ಈಚಿನ ದಾವೆ ಇರುವವರು ಈ ವಾರವೇ ವಕೀಲರನ್ನು ಕಂಡು ಅಸಲು ಪತ್ರಗಳ ವಾಪಸಿಗೆ ಅರ್ಜಿ ಹಾಕಿಸಿ. ಖರ್ಚಿಗೆ ಅಂಜುವವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು. ಅದು ಕೋರ್ಟಿನ ಆವರಣದಲ್ಲೇ ಇರುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ವರಮಾನ ಎಷ್ಟೇ ಇರಲಿ ನೆರವು ಸಿಗುತ್ತದೆ. ಉಳಿದವರಲ್ಲಿ ಹಲವರಿಗೆ ವರಮಾನದ ಮಿತಿಯಿದೆ. ತವರಿನ ಪಾಲಿನ ಡಿಕ್ರಿ ಹುಡುಕುವ ಹೆಣ್ಣುಮಕ್ಕಳು ಇದನ್ನು ಉಪಯೋಗಿಸಿಕೊಳ್ಳಬೇಕು. ಅಣ್ಣಂದಿರು ಕಾಗದ ತೋರಿಸಲಿ ಎಂದು ಕಾಯುವ ಅಗತ್ಯವಿಲ್ಲ.

ನಕಲುಗಳನ್ನು ಎರಡು ಪ್ರತಿ ತೆಗೆಸಿ. ಒಂದು ತಹಶೀಲ್ದಾರರ ಕಚೇರಿಯ ಕಡತ ಸೇರುತ್ತದೆ, ಇನ್ನೊಂದು ಮನೆಯಲ್ಲಿರಲಿ. ಟ್ರಂಕು ಬೇಡ. ಗೋಡೆಗೆ ತಾಗದ ಕಬ್ಬಿಣದ ಬೀರುವೋ ಎತ್ತರದ ಹಲಗೆಯೋ ಆದರೆ ಗೆದ್ದಲು ಅಷ್ಟು ಬೇಗ ಹತ್ತದು. ಮೊಬೈಲಿನಲ್ಲಿ ಪುಟಪುಟದ ಚಿತ್ರ ತೆಗೆದು ಮಕ್ಕಳ ಬಳಿಯೂ ಇಡಿ. ಮತ್ತೆ ಕಳೆದರೆ ನಂಬರಾದರೂ ಉಳಿಯುತ್ತದೆ.

ನಮ್ಮ ದಾರಿ ಏನಾಯಿತೆಂದು ಕೇಳುತ್ತೀರಿ. ನಕ್ಷೆಯಲ್ಲಿ ಬಾವಿಯ ಮೂಲೆಯಿಂದ ಹಳ್ಳದವರೆಗೆ ಎರಡು ಗೆರೆ ಎಳೆದು "ಗಾಡಿ ದಾರಿ, 12 ಅಡಿ, ಉಭಯತ್ರರಿಗೂ ಸೇರಿದ್ದು" ಎಂದು ಬರೆದಿತ್ತು. ಕೆಳಗೆ ನಮ್ಮಜ್ಜನ ರುಜು, ಅವರ ದಾಯಾದಿಯ ಹೆಬ್ಬೆಟ್ಟು. ಹೊಸ ಮಾಲೀಕರು ಕೊಂಡದ್ದು ಆ ದಾಯಾದಿಯ ಮಕ್ಕಳಿಂದಲೇ. ದಾವೆಯ ಕಕ್ಷಿದಾರರಿಂದ ಹಕ್ಕು ಪಡೆದವರಿಗೂ ಆ ಡಿಕ್ರಿ ಕಟ್ಟುತ್ತದೆಂದು ಈ ಬಾರಿ ಅವರ ವಕೀಲರೇ ಅವರಿಗೆ ಹೇಳಿದರಂತೆ. ಮನುಷ್ಯ ಒಳ್ಳೆಯವರು. ಸರ್ವೆಯವರನ್ನು ಕರೆಸಿ ಅಳತೆ ಮಾಡಿಸೋಣ, ಖರ್ಚು ಅರ್ಧರ್ಧ ಎಂದರು. ಅಳೆದಾಗ ಅವರ ಬೇಲಿ ಏಳು ಅಡಿ ದಾರಿಯೊಳಕ್ಕೆ ಬಂದದ್ದು ನಿಜವಾಯಿತು. ಇನ್ನುಳಿದ ಐದು ಅಡಿಯಲ್ಲಿ ನಮ್ಮ ತಂದೆ ನೆಟ್ಟ ಎರಡು ತೆಂಗಿನ ಮರಗಳೂ ನಿಂತಿದ್ದವು. ಅವರು ಕಂಬ ಕಿತ್ತರು. ನಾವು ಮರ ಕಡಿದೆವು. ಫಲ ಬಿಡುವ ಮರಗಳು, ತಾಯಿ ಎರಡು ದಿನ ಮಾತಾಡಲಿಲ್ಲ. ಮೆದೆ ಹೊತ್ತ ಗಾಡಿ ಆ ವಾರವೇ ಕಣ ಸೇರಿತು.